ತಂತಿಯಲ್ಲಿ ಕೇಳಿದ ಕರಕರದ ಬಗ್ಗೆ ದೊಡ್ಡ ಕಿವಿಯವರಿಗೆ ಒಂದು ಅರಿಕೆ

ಸನ್ಮಾನ್ಯ ಕರೆ ಆಲಿಸುವ ಯಂತ್ರದವರ ಸನ್ನಿಧಾನಕ್ಕೆ,
ದೂರವಾಣಿ ದೂರು ವಿಭಾಗ, ನೆಲಮಹಡಿ, ಕಿಟಕಿ ಪಕ್ಕದ ಕಬ್ಬಿಣದ ಕಪಾಟು.

ಮಾನ್ಯರೇ,

ನಾಲ್ಕನೇ ಮೇಜಿನಲ್ಲಿ ಕೂತು ಊರಿನ ದೂರುಗಳನ್ನೆಲ್ಲ ಕಿವಿಗೆ ತುಂಬಿಕೊಳ್ಳುವ ನನ್ನ ಸಾವಿರ ವಂದನೆಗಳನ್ನು ಸ್ವೀಕರಿಸಬೇಕು. ತಮ್ಮ ಹಸಿರು ದೀಪ ಉರಿಯುತ್ತಿರುವುದರಿಂದ ತಾವು ಕ್ಷೇಮವೆಂದು ತಿಳಿದು ಸಂತೋಷವಾಯಿತು. ಹೊಟ್ಟೆಯೊಂದನ್ನು ಬಿಟ್ಟರೆ ಇತ್ತ ಕಡೆ ನಾನೂ ಕ್ಷೇಮ. ತಮ್ಮನ್ನು ನಾವೆಲ್ಲ ಬೆನ್ನ ಹಿಂದೆ ದೊಡ್ಡ ಕಿವಿ ಎಂದು ಕರೆಯುತ್ತೇವೆ. ಆ ಮಾತೂ ತಮ್ಮ ಕಿವಿಗೆ ಬಿದ್ದೇ ಇರುತ್ತದಾದ್ದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಪತ್ರವನ್ನು ತಮಗೆ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದೇಕೆಂದರೆ, ತಮಗೆ ಕಿವಿ ಇದೆ, ಕಣ್ಣಿಲ್ಲ. ಓದಿದವರಲ್ಲಿ ಯಾರಾದರೂ ಪುಣ್ಯಾತ್ಮರು ತಮ್ಮ ಕಪಾಟಿನ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆಂದು ನಂಬಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ಮೂರು ತಿಂಗಳ ಹಿಂದೆ ತಾವು ಇಲ್ಲಿಗೆ ದಯಮಾಡಿಸುವ ಮುನ್ನ ನಮ್ಮ ಕೆಲಸ ಎಷ್ಟು ಹಿಂದುಳಿದಿತ್ತೆಂದರೆ, ಫೋನು ಕೆಟ್ಟಿದೆ ಎಂದು ಜನ ಹೇಳಿದ ಮೇಲೆಯೇ ನಾವು ಫೋನು ಕೆಟ್ಟಿದೆ ಎಂದು ಬರೆದುಕೊಳ್ಳುತ್ತಿದ್ದೆವು. ಈಗ ಆ ತಾಪತ್ರಯವಿಲ್ಲ. ವಿಳಾಸ ಬದಲಿಸಿಕೊಡಿ ಎಂದು ಕೇಳಲು ಯಾರೋ ಅಜ್ಜಿ ಫೋನು ಮಾಡಿದರೂ, ತಾವು ಆಕೆಯ ಮಾತಿನ ಸಂದಿಗೆ ಕಿವಿಯಿಟ್ಟು, ಒಂದಿಷ್ಟು ಕರಕರ ಕೇಳಿದರೆ ಸಾಕು, ಅವರ ಬೀದಿಯ ತಂತಿ ಕೆಟ್ಟಿದೆ ಎಂದು ತೀರ್ಮಾನಿಸಿ, ಅಜ್ಜಿಯನ್ನೂ ಕೇಳದೆ ನನ್ನನ್ನೂ ಕೇಳದೆ ರಿಪೇರಿ ಚೀಟಿ ಹೊರಡಿಸುತ್ತೀರಿ. ಕೇಳಿದ್ದನ್ನು ಹಿಂದೆಮುಂದೆ ನೋಡದೆ ನಂಬುವ ಇಂಥ ಮುಗ್ಧ ಮನಸ್ಸು ನಮ್ಮ ಕಚೇರಿಯಲ್ಲಿ ತಮ್ಮೊಬ್ಬರಿಗೇ ಇರುವುದು.

ಇನ್ನು ನನ್ನ ಸಂಗತಿ. ಬೆಳಗಿನ ಏಳಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿದರೆ ಅದನ್ನು ಇಳಿಸುವುದು ಹನ್ನೊಂದೂವರೆಗೆ. ಏಳಕ್ಕೆ ಇಲ್ಲಿರಬೇಕಾದರೆ ಎರಡು ಬಸ್ಸು ಹಿಡಿಯುವ ನಾನು ಐದೂಮುಕ್ಕಾಲಿಗೆ ಮನೆ ಬಿಡಬೇಕು, ಆ ಹೊತ್ತಿನಲ್ಲಿ ನಾನು ಎದ್ದಿರುತ್ತೇನೆಯೇ ಹೊರತು ನನ್ನ ಹೊಟ್ಟೆ ಎದ್ದಿರುವುದಿಲ್ಲ. ಅದು ಎದ್ದು ತಾಳ ಹಾಕುವುದು ಸರಿಯಾಗಿ ಎಂಟು ಗಂಟೆಗೆ. ಕ್ಯಾಂಟೀನಿನವರು ಬಾಗಿಲು ತೆರೆಯುವುದು ಹನ್ನೆರಡಕ್ಕೆ. ಎರಡನೇ ಮೇಜಿನ ಕೀಬೋರ್ಡಿನೊಳಗೆ ಇರುವೆಗಳು ಸಂಸಾರ ಹೂಡಿದಂದಿನಿಂದ ಮೇಜಿನ ಬಳಿ ತಿಂಡಿ ಡಬ್ಬಿ ಕಾಣಕೂಡದೆಂಬ ಆಜ್ಞೆ ಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ, ಅದರ ಕೆಳಗೆ ತಿನ್ನುವುದು ಕಂಡುಬಂದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಕೆಲಸದಿಂದ ಬಿಡುಗಡೆ ಎಂದಿದೆ. ನನ್ನ ಮೊದಲನೇ ಸಲ ಕಳೆದ ವರ್ಷವೇ ಒಂದು ಬಾಳೆಹಣ್ಣಿನ ದೆಸೆಯಿಂದ ಮುಗಿದುಹೋಗಿದೆ.

ಇದನ್ನು ಮನೆಯಲ್ಲಿ ಹೇಳಿಕೊಂಡು ಅತ್ತಾಗ, ನಲವತ್ತು ವರ್ಷ ದರ್ಜಿ ಕೆಲಸ ಮಾಡಿದ ನನ್ನ ಅತ್ತೆ, ತಿಂಡಿ ತಿಂಡಿ ಥರ ಕಂಡರೆ ತಾನೇ ಕಷ್ಟ, ಕಾಣದ ಹಾಗೆ ಮಾಡಿದರಾಯ್ತು ಬಿಡು ಎಂದು ಕನ್ನಡಕ ಏರಿಸಿದರು. ಮಾರನೇ ದಿನವೇ ಟೇಪು ಹಿಡಿದು ನನ್ನ ಕೈಚೀಲದ ಒಳಜೇಬು, ಕನ್ನಡಕದ ಪೆಟ್ಟಿಗೆ, ಪೆನ್ನಿನ ಡಬ್ಬ ಎಲ್ಲದರ ಉದ್ದಗಲ ಬರೆದುಕೊಂಡರು. ಮೈಗೆ ತಕ್ಕಂತೆ ಬಟ್ಟೆ ಕತ್ತರಿಸಿದ ಆ ಕೈ ಅಂದಿನಿಂದ ಜೇಬಿಗೆ ತಕ್ಕಂತೆ ತಿಂಡಿ ಕತ್ತರಿಸತೊಡಗಿತು. ಸೋಮವಾರ ಓಟ್ಸ್ ಗಂಜಿ ಕೈಗೆ ಹಚ್ಚುವ ಕ್ರೀಮಿನ ಬಾಟಲಿಯಲ್ಲಿ ಬರುತ್ತಿತ್ತು. ಐದನೇ ಮೇಜಿನಾಕೆ ಒಂದು ದಿನ ಅದನ್ನು ಹಿಂಡಿಕೊಂಡು ಮೊಣಕೈವರೆಗೆ ಸವರಿ, ಚರ್ಮ ಎಷ್ಟು ಮೆತ್ತಗಾಯ್ತು ನೋಡು ಎಂದು ಕಂಪನಿಯ ಹೆಸರು ಕೇಳಿದರು. ಮಂಗಳವಾರದ ಬೇಯಿಸಿದ ಮೊಟ್ಟೆ, ಬಿಸಿ ಆರದಿರಲೆಂದು, ನನ್ನ ಮಗಳು ಕೂಸಾಗಿದ್ದಾಗ ಹಾಕುತ್ತಿದ್ದ ಕಾಲುಚೀಲದೊಳಗೆ ಮಲಗಿರುತ್ತಿತ್ತು. ಬುಧವಾರ ಕ್ಯಾರೆಟ್ಟುಗಳು ಮೊನೆ ಚೂಪು ಮಾಡಿಸಿಕೊಂಡು ಪೆನ್ಸಿಲುಗಳ ನಡುವೆ ನಿಂತಿರುತ್ತಿದ್ದವು. ಒಮ್ಮೆ ನಮ್ಮ ಮೇಲ್ವಿಚಾರಕಿ ಅದರಲ್ಲೊಂದನ್ನು ಎತ್ತಿಕೊಂಡು, ಕಾಗದದ ಮೇಲೆ ಎರಡು ಸಲ ಗೀಚಿ, ಇದಕ್ಕೆ ಸೀಸವೇ ಇಲ್ಲ ಎಂದು ಬೈದು ವಾಪಸು ಇಟ್ಟರು. ಗುರುವಾರ ಕ್ಲಿಪ್ಪಿನ ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ಬೀಜ, ಶುಕ್ರವಾರ ಕನ್ನಡಕದ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಸುಟ್ಟ ಬ್ರೆಡ್ಡು. ಶನಿವಾರ ಅತ್ತೆಗೆ ರಜೆ, ಅಂದು ನಾನು ನೀರು ಕುಡಿಯುತ್ತೇನೆ.

ನೋಟಕ್ಕೆ ಯಾವುದೂ ಸಿಕ್ಕಿಬೀಳಲಿಲ್ಲ, ಅತ್ತೆಯ ಕಸುಬು ಅಷ್ಟು ಅಚ್ಚುಕಟ್ಟು. ಕಣ್ಣಿಗೆ ಮಣ್ಣೆರಚಿದ ನಾವಿಬ್ಬರೂ ಕಿವಿಯ ಬಗ್ಗೆ ಯೋಚಿಸಲೇ ಇಲ್ಲ. ಕರೆ ಮಾಡಿದವರು ತಮ್ಮ ಕಷ್ಟ ಹೇಳಿಕೊಳ್ಳುವಾಗ ನಡುವೆ ಒಂದು ತುಂಡು ಕಡಿದು, ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನುಂಗಿ, ಹೌದಾ ಸ್ವಾಮಿ ಎನ್ನುವ ವಿದ್ಯೆಯನ್ನು ನಾನು ಕಷ್ಟಪಟ್ಟು ಕಲಿತಿದ್ದೆ. ಆ ಒಂದೊಂದು ತುಂಡನ್ನೂ ತಾವು ಭಕ್ತಿಯಿಂದ ಆಲಿಸಿ, ಒಂದೊಂದು ಬೀದಿಯ ತಂತಿದೋಷವೆಂದು ದಾಖಲಿಸುತ್ತಿದ್ದೀರೆಂದು ನನಗೆ ಗೊತ್ತಾದದ್ದು ಕಳೆದ ಬುಧವಾರ, ಕಂಬದಣ್ಣ ನನ್ನ ಮೇಜಿನ ಬಳಿ ಬಂದು ನಿಂತಾಗ.

ಕಂಬದಣ್ಣ ಯಾರೆಂದು ತಮಗೆ ಗೊತ್ತಿರಲಾರದು, ಅವರು ಮಾತು ಕಡಿಮೆ. ತಾವು ಹೊರಡಿಸಿದ ಚೀಟಿ ಹಿಡಿದು ಕಂಬ ಹತ್ತುವವರು ಅವರೇ. ಮೂವತ್ತೊಂದು ವರ್ಷದಿಂದ ಸೊಂಟಕ್ಕೆ ಒಂದು ಫೋನು ಕಟ್ಟಿಕೊಂಡು, ಅದನ್ನು ತಂತಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳಿ, ನೀರು ಇಳಿದಿದೆ, ಇಲಿ ಕಡಿದಿದೆ, ಗಂಟು ಸಡಿಲವಾಗಿದೆ ಎಂದು ಕಂಬದ ಮೇಲಿನಿಂದಲೇ ಹೇಳಿಬಿಡುತ್ತಿದ್ದವರು. ಈ ಮೂರು ತಿಂಗಳಲ್ಲಿ ತಾವು ಅವರಿಗೆ ಇಪ್ಪತ್ತಮೂರು ಕರಕರದ ಚೀಟಿ ಕಳಿಸಿದ್ದೀರಿ. ಇಪ್ಪತ್ತಮೂರು ಸಲವೂ ಅವರು ಕಂಬ ಹತ್ತಿ, ಪದ್ಧತಿಯಂತೆ ನಮ್ಮ ಕೋಣೆಗೇ ಫೋನು ಮಾಡಿ ತಂತಿ ಪರೀಕ್ಷಿಸಿದ್ದಾರೆ. ಅವರು ಕಂಬ ತಲುಪುವಷ್ಟರಲ್ಲಿ ಗಂಟೆ ಒಂಬತ್ತೂವರೆ ದಾಟಿರುತ್ತದೆ, ಅಷ್ಟು ಹೊತ್ತಿಗೆ ನನ್ನ ತಿಂಡಿ ಮುಗಿದಿರುತ್ತದೆ. ತಂತಿ ಸ್ವಚ್ಛವಾಗಿದೆ, ದೋಷವಿಲ್ಲ ಎಂದು ಅವರು ಇಪ್ಪತ್ತಮೂರು ಸಲ ಬರೆದರು. ಇವರಿಗೆ ಕೇಳಿಸುತ್ತಿಲ್ಲ ಎಂದು ಎರಡನೇ ಮಹಡಿಯ ಸಾಹೇಬರು ಒಂದೇ ಸಲ ಬರೆದರು. ಯಂತ್ರಕ್ಕೆ ಕೇಳಿದ್ದು ಮನುಷ್ಯನಿಗೆ ಕೇಳದಿದ್ದರೆ ಮನುಷ್ಯನ ಕಿವಿ ಹೋಗಿದೆಯೆಂದೇ ಅರ್ಥವಾದ್ದರಿಂದ, ಬರುವ ಸೋಮವಾರ ಹತ್ತು ಗಂಟೆಗೆ ವಿಚಾರಣೆ, ಅದಾದ ಮೇಲೆ ಕಂಬದ ಕೆಲಸ ಬಿಡಿಸಿ ಉಗ್ರಾಣದಲ್ಲಿ ಮೊಳೆ ತಿರುಪು ಎಣಿಸಲು ವರ್ಗಾವಣೆ ಎಂದು ನೋಟೀಸು ಬಂದಿದೆ.

ಆ ನೋಟೀಸನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಅವರು ಅಂದು ಬಂದಿದ್ದರು. ಹೆಚ್ಚಿನ ಚೀಟಿಗಳೆಲ್ಲ ಎಂಟರಿಂದ ಎಂಟೂವರೆಯೊಳಗಿನವು, ಅದೂ ಬುಧ ಗುರು ಶುಕ್ರ, ಇದೇನು ವಿಚಿತ್ರ ತಂತಿ ತಂಗಿ ಎಂದು ತಮ್ಮ ಪುಟ್ಟ ಪುಸ್ತಕ ತೋರಿಸಿದರು. ಗಂಟೆ ಎಂಟೂಕಾಲು, ನನ್ನ ಕೈಯಲ್ಲಿ ಆಗಷ್ಟೇ ಎತ್ತಿದ ಕ್ಯಾರೆಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಕಳ್ಳನಾದರೂ ಹೆಗಲು ಮುಟ್ಟಿಕೊಂಡ, ನಾನು ಕ್ಯಾರೆಟ್ಟಿನಿಂದ ಟಿಪ್ಪಣಿ ಬರೆದುಕೊಳ್ಳುವಂತೆ ನಟಿಸಿದೆ. ಆಮೇಲೆ ಅವರು ದನಿ ತಗ್ಗಿಸಿ, ಸ್ವಲ್ಪ ಮೆಲ್ಲಗೆ ಏನಾದರೂ ಹೇಳು ತಂಗಿ, ನನಗೆ ಕೇಳುತ್ತಾ ನೋಡೋಣ ಎಂದರು. ಮೂವತ್ತೊಂದು ವರ್ಷ ಕಿವಿಯನ್ನೇ ನಂಬಿ ಬದುಕಿದ ಮನುಷ್ಯ ತನ್ನ ಕಿವಿಯನ್ನು ತಾನೇ ಅನುಮಾನಿಸತೊಡಗಿದ್ದರು. ನಾನು ಹೇಳಬೇಕಾದದ್ದೊಂದೂ ಹೇಳದೆ, ಕೇಳುತ್ತಿದೆಯಾ ಎಂದಷ್ಟೇ ಪಿಸುಗುಟ್ಟಿದೆ. ಕೇಳ್ತು ಅನಿಸುತ್ತೆ ಎಂದು ಅವರು ಹೊರಟುಹೋದರು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಈ ಪ್ರಕರಣದ ಎಮ್ಮೆ ನಾನು ಎಂದು ತಿಳಿದ ಮೇಲೆ ಎರಡು ದಿನ ನನಗೆ ಏನೂ ಸೇರಲಿಲ್ಲ. ಆ ಎರಡು ದಿನ ತಾವೂ ಒಂದೇ ಒಂದು ಕರಕರದ ಚೀಟಿ ಹೊರಡಿಸಲಿಲ್ಲ ಎಂಬುದನ್ನು ತಮ್ಮ ದಾಖಲೆಯಲ್ಲೇ ನೋಡಿಕೊಳ್ಳಬಹುದು. ಕಡಲೆಬೀಜ ಹಾಗೇ ಮನೆಗೆ ಬಂದದ್ದು ಕಂಡು ಅತ್ತೆ ಹಣೆ ಮುಟ್ಟಿ ನೋಡಿದರು, ವಿಷಯ ಕೇಳಿ ತಾವೂ ಆ ರಾತ್ರಿ ಊಟ ಬಿಟ್ಟರು.

ನಿನ್ನೆ ಶುಕ್ರವಾರ, ಬೇರೆ ಯಾವುದೋ ನಿಜವಾದ ರಿಪೇರಿ ಮುಗಿಸಿ ಕಂಬದಣ್ಣ ಕಂಬದ ಮೇಲಿನಿಂದ ಎಂದಿನಂತೆ ಪರೀಕ್ಷೆಗೆ ಫೋನು ಮಾಡಿದರು. ನಾನು ಪೆನ್ಸಿಲುಗಳ ನಡುವೆ ಉಳಿದುಹೋಗಿದ್ದ ಬುಧವಾರದ ಕ್ಯಾರೆಟ್ಟನ್ನು ತೆಗೆದು, ಫೋನಿನ ಬಾಯಿಗೆ ಹತ್ತಿರ ಹಿಡಿದು, ಒಂದು ಮಾತೂ ಆಡದೆ ಕಡಿದೆ. ಆ ಕಡೆಯಿಂದ ಕಂಬದಣ್ಣ, ಕ್ಯಾರೆಟ್ಟಾ ತಂಗಿ, ಎರಡು ದಿನದ್ದಿರಬೇಕು, ಬಾಡಿದೆ ಎಂದರು.

ಮಾನ್ಯರೇ, ತಾವು ಇಪ್ಪತ್ತಮೂರು ಸಲ ಕೇಳಿ ತಂತಿ ಎಂದದ್ದನ್ನು ಅವರು ಒಂದು ಸಲ ಕೇಳಿ ತರಕಾರಿ ಎಂದರು, ಅದರ ವಯಸ್ಸನ್ನೂ ಹೇಳಿದರು. ನಾನು ಅಲ್ಲೇ ಹೆಡ್‌ಫೋನಿನೊಳಗೆ ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ, ಕ್ರೀಮಿನ ಬಾಟಲಿಯಿಂದ ಹಿಡಿದು ಕಾಲುಚೀಲದವರೆಗೆ. ಅವರು ಬೈಯುತ್ತಾರೆಂದು ಕಾದೆ, ಅವರು ಕಂಬ ಅಲ್ಲಾಡುವಷ್ಟು ನಕ್ಕು, ನನ್ನ ಕಿವಿ ಚೆನ್ನಾಗಿದೆ ಅಂತ ನನಗೆ ಗೊತ್ತಾಯ್ತಲ್ಲ, ಅಷ್ಟು ಸಾಕು, ನೀನು ಬಾಯಿ ಬಿಡಬೇಡ, ನಿನ್ನ ಎರಡನೇ ಸಲ ಆಗಿಬಿಡುತ್ತೆ ಎಂದರು. ಉಗ್ರಾಣದಲ್ಲಿ ಫ್ಯಾನಾದರೂ ಇದೆ ಎಂದೂ ಸೇರಿಸಿದರು. ಅವರ ಮಾತು ಮೀರುತ್ತಿರುವುದಕ್ಕೆ ಅವರ ಕ್ಷಮೆ ಕೇಳುತ್ತಾ, ನಾನು ಬಾಯಿ ಬಿಟ್ಟಿದ್ದೇನೆ: ಆ ಕರಕರ ನನ್ನದು. ಕೆಳಗೆ ನನ್ನ ಸಹಿ ಇದೆ, ಸೀಸ ಇರುವ ಪೆನ್ಸಿಲಿನಿಂದಲೇ ಹಾಕಿದ್ದೇನೆ.

ಇನ್ನು ತಮ್ಮಲ್ಲಿ ಕೆಲವು ವಿನಂತಿಗಳು. ಸೋಮವಾರ ಹತ್ತಕ್ಕೆ ತಾವು ಸಂಗ್ರಹಿಸಿಟ್ಟಿರುವ ಆ ಎಲ್ಲ ಕರೆಗಳನ್ನೂ ವಿಚಾರಣೆಯ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಬೇಕು. ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಲೆಂದು, ಅತ್ತೆ ವಿಚಾರಣೆಗೆ ಕೂರುವ ಒಬ್ಬೊಬ್ಬರಿಗೂ ಒಂದೊಂದು ಜೇಬಿನ ತಿಂಡಿ ಕಟ್ಟಿಕೊಡುತ್ತಿದ್ದಾರೆ. ಸಾಹೇಬರ ಕೋಟಿನ ಜೇಬಿನ ಅಳತೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಪತ್ರದ ಅಂಚಿನಲ್ಲಿ ಬರೆಯಿರಿ. ಅವರೆಲ್ಲ ಅಗಿಯುತ್ತಿರುವಾಗ ತಾವು ಆಲಿಸಿ, ಯಾವುದು ತಂತಿ ಯಾವುದು ಹಲ್ಲು ಎಂದು ತಿಳಿಸಬೇಕು. ಕಷ್ಟವಾದರೆ ಸಂಕೋಚಪಡದೆ ಪಕ್ಕದಲ್ಲೇ ನಿಂತಿರುವ ಕಂಬದಣ್ಣನನ್ನು ಕೇಳಬಹುದು. ಇಷ್ಟೆಲ್ಲ ಸೂಕ್ಷ್ಮವಾಗಿ ಕೇಳುವ ತಾವು ಮುಂದಾದರೂ ಎಂಟು ಗಂಟೆಗೆ ಆರು ಮೇಜುಗಳಿಂದ ಏಳುವ ಆರು ಹೊಟ್ಟೆಗಳ ಸದ್ದನ್ನೂ ಆಲಿಸಿ, ಅದಕ್ಕೊಂದು ಹದಿನೈದು ನಿಮಿಷದ ರಿಪೇರಿ ಚೀಟಿ ಹೊರಡಿಸಿದರೆ, ನಾವು ತಮ್ಮನ್ನು ಬೆನ್ನ ಹಿಂದೆಯೂ ಮಾನ್ಯರೇ ಎಂದು ಕರೆಯಲು ಸಿದ್ಧ.

ಕೊನೆಯದಾಗಿ, ಕಿವಿ ಸರಿಯಿಲ್ಲದವರನ್ನು ಉಗ್ರಾಣಕ್ಕೆ ಕಳಿಸುವುದೇ ಕಚೇರಿಯ ನಿಯಮವಾದರೆ ಆ ನಿಯಮಕ್ಕೆ ನಮ್ಮ ಅಡ್ಡಿಯಿಲ್ಲ. ಅತ್ತೆ ಸೋಮವಾರ ಟೇಪು ತರುತ್ತಾರೆ, ತಮ್ಮ ಕಪಾಟಿನ ಅಳತೆಯನ್ನೂ ಉಗ್ರಾಣದ ಮೂಲೆಯ ಅಳತೆಯನ್ನೂ ಒಟ್ಟಿಗೇ ತೆಗೆದುಕೊಡುತ್ತಾರೆ.

ಈ ಶನಿವಾರವೂ ಬರೀ ನೀರು ಕುಡಿದು,
ಸದ್ದಿಲ್ಲದೆ ತಮ್ಮ ವಿಶ್ವಾಸಿಯಾಗಿರುವ
ನಾಲ್ಕನೇ ಮೇಜಿನವಳು

ಮರೆತ ಮಾತು: ಕಂಬದಣ್ಣನ ಪುಸ್ತಕ ತರಿಸಿಕೊಂಡು ತಾಳೆ ನೋಡಿದೆ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ನನ್ನವು, ತಕರಾರಿಲ್ಲ. ಉಳಿದ ನಾಲ್ಕು, ಬೆಳಿಗ್ಗೆ ಹನ್ನೊಂದರ ಸುಮಾರಿನವು, ದೊಡ್ಡವರನ್ನೇ ಕೊಡಿ ಎಂದು ಹಟ ಹಿಡಿದವರನ್ನು ನಾವು ಎರಡನೇ ಮಹಡಿಗೆ ದಾಟಿಸಿದ ಕರೆಗಳು. ವಿಚಾರಣೆ ಎಷ್ಟು ಹೊತ್ತು ನಡೆಯಬಹುದೆಂದು ಕೇಳಲು ಕಂಬದಣ್ಣ ನಿನ್ನೆ ಅದೇ ಹೊತ್ತಿಗೆ ಸಾಹೇಬರಿಗೆ ಫೋನು ಮಾಡಿದ್ದರು. ಗೋಡಂಬಿ, ಹುರಿದದ್ದು ಎಂದು ಕಂಬದಣ್ಣನ ಅಭಿಪ್ರಾಯ. ಉಪ್ಪು ಹಾಕಿದ್ದೋ ಇಲ್ಲವೋ ಎಂಬುದನ್ನು ಮಾತ್ರ ಕಿವಿಯಿಂದ ಹೇಳಲಾಗುವುದಿಲ್ಲವಂತೆ. ಅದನ್ನು ಸೋಮವಾರ ಸಾಹೇಬರೇ ತಿಳಿಸಬೇಕಾಗಿ ಪ್ರಾರ್ಥನೆ.