ಗುಲಾಬಿ ರಿಟೇನರ್ ಕಾಣೆಯಾದ ಬಗ್ಗೆ ಹಾಗೂ ಇನ್ನು ಮುಂದೆ ಕಾಣೆಯಾಗದಿರುವ ಬಗ್ಗೆ

ಕಚೇರಿ ಮುಖ್ಯಸ್ಥರ ಕೊಠಡಿಯಿಂದ
ಸಂಖ್ಯೆ: ಆಡಳಿತ/ಹಲ್ಲು/ಮೇಲ್ದವಡೆ/1
ದಿನಾಂಕ: ಘಟನೆಯ ಮರುದಿನ

ವಿಷಯ: ಹಲ್ಲಿನ ಕ್ಲಿಪ್ ತೆಗೆಸಿದ ನಂತರ ಧರಿಸತಕ್ಕ ರಿಟೇನರನ್ನು ಊಟದ ವೇಳೆಯಲ್ಲಿ ಕಾಗದದಲ್ಲಿ ಸುತ್ತಿಡುವುದನ್ನು ನಿಷೇಧಿಸುವ ಕುರಿತು.

ಉಲ್ಲೇಖ:
(1) ಹಲ್ಲಿನ ಡಾಕ್ಟರು ನೀಡಿದ, ಬಾಯಿ ತೆರೆದುಕೊಂಡಿದ್ದ ಕಾರಣ ಎದುರು ಮಾತಾಡಲಾಗದ ಮೌಖಿಕ ಸೂಚನೆ.
(2) ಕ್ಯಾಂಟೀನಿನ ಅಕ್ಕನವರು ಎಲ್ಲರೆದುರು ಕೇಳಿದ ಪ್ರಶ್ನೆ.
(3) ನಿನ್ನೆ ಸಂಜೆ ಮಗಳೊಂದಿಗೆ ನಡೆದ ದೂರವಾಣಿ ಮಾತುಕತೆ.

ಪ್ರಸ್ತಾವನೆ:

ಕೆಳಗೆ ಸಹಿ ಮಾಡಿರುವ ಅಧಿಕಾರಿಯ (ಇನ್ನು ಮುಂದೆ 'ಸದರಿ ಅಧಿಕಾರಿ') ಮಗಳ ಮುಂಭಾಗದ ಹಲ್ಲುಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ಕ್ಲಿಪ್ ಹಾಕಿಸಬೇಕೆಂದು ಡಾಕ್ಟರು ತಿಳಿಸಿದಾಗ, "ಎಲ್ರೂ ನನ್ನ ಬಾಯನ್ನೇ ನೋಡ್ತಾರೆ. ಒಬ್ಳೇ ಹಾಕ್ಕೊಳ್ಳಲ್ಲ ಅಂದ್ರೆ ಹಾಕ್ಕೊಳ್ಳಲ್ಲ" ಎಂದು ಮಗಳು ಹಟ ಹಿಡಿದಳು. ಆಗ ಸದರಿ ಅಧಿಕಾರಿಯು, ಯಾರ ಪೂರ್ವಾನುಮತಿಯನ್ನೂ ಪಡೆಯದೆ, "ಒಬ್ಳೇ ಯಾಕೆ? ನನ್ ಹಲ್ಲೇನು ಸಾಲಾಗಿ ನಿಂತಿದಾವಾ? ನಾನೂ ಹಾಕಿಸ್ಕೋತೀನಿ, ನಡಿ" ಎಂದುಬಿಟ್ಟರು. ನಿವೃತ್ತಿ ಸಮೀಪಿಸುತ್ತಿದ್ದ ವಯಸ್ಸಿನಲ್ಲಿ ಅವರು ತಂತಿ ಬಿಗಿಸಿಕೊಂಡು ಕಚೇರಿಗೆ ಹಾಜರಾದಾಗ ಸಿಬ್ಬಂದಿ ನಗಲಿಲ್ಲ. ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ನಕ್ಕರು. ಬಾಗಿಲು ತೆಳ್ಳಗಿರುವುದನ್ನು ಈ ಸಂದರ್ಭದಲ್ಲಿ ಗಮನಕ್ಕೆ ತರಲಾಗಿದೆ.

ಕ್ಲಿಪ್ ತೆಗೆದ ದಿನ ಡಾಕ್ಟರು ತಂದೆಗೂ ಮಗಳಿಗೂ ಅಂಗುಳಕ್ಕೆ ಅಂಟಿ ಕೂರುವ, ಮುಂದೆ ತಂತಿಯಿರುವ ಗುಲಾಬಿ ಬಣ್ಣದ ರಿಟೇನರ್ ಕೊಟ್ಟು, "ಹಲ್ಲು ಹಳೇ ಜಾಗ ಮರೆಯಲ್ಲ. ಇದನ್ನ ಬಿಟ್ರೆ ಒಂದೊಂದಾಗಿ ತವರಿಗೆ ಹೊರಟುಬಿಡ್ತವೆ. ಊಟಕ್ಕೆ ತೆಗೆದ್ರೆ ಡಬ್ಬೀಲೇ ಇಡಿ" ಎಂದು ಎಚ್ಚರಿಸಿದರು. ಅದಾದ ಮೇಲೆ ಮಗಳು ಓದಿಗಾಗಿ ಬೇರೆ ಊರಿನ ಹಾಸ್ಟೆಲಿಗೆ ಹೋದಳು. ಬಸ್ಸು ಹತ್ತುವಾಗ, "ಅಪ್ಪಾ, ನೀನು ಬಿಟ್ರೆ ನಾನೂ ಬಿಡ್ತೀನಿ ನೋಡು" ಎಂದಳು. "ನಾನು ಬಿಡೋ ಪೈಕಿ ಅಲ್ಲ" ಎಂದು ಸದರಿ ಅಧಿಕಾರಿ ಮಾತು ಕೊಟ್ಟರು.

ನಿನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಾಗ, ಡಬ್ಬಿಯು ಮೇಲಿನ ಮಹಡಿಯಲ್ಲಿದ್ದ ಕಾರಣ ಹಾಗೂ ಮೆಟ್ಟಿಲು ಹತ್ತುವ ಮನಸ್ಸಿಲ್ಲದ ಕಾರಣ, ರಿಟೇನರನ್ನು ಕೈ ಒರೆಸುವ ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡಲಾಯಿತು. ಅಷ್ಟರಲ್ಲಿ ಸಭೆಗೆ ಕರೆ ಬಂದು ಸದರಿ ಅಧಿಕಾರಿ ಎದ್ದು ಹೋದರು. ಸಭೆಯ ನಡುವೆ ಅವರ ನಾಲಿಗೆಯು ಅಭ್ಯಾಸಬಲದಿಂದ ಅಂಗುಳವನ್ನು ತಡಕಿತು. ಅಲ್ಲಿ ಅಂಗುಳದ ಹೊರತು ಬೇರೇನೂ ಇರಲಿಲ್ಲ.

ಸಭೆಯನ್ನು ಅರ್ಧಕ್ಕೇ ಮುಗಿಸಲಾಯಿತು. ಆದರೂ ಮರ್ಯಾದೆಯ ಪ್ರಶ್ನೆ. ಆಪ್ತ ಸಹಾಯಕರನ್ನು ಕರೆದು, "ಒಂದು ಬಹಳ ಮುಖ್ಯವಾದ್ದು ಕಳೆದಿದೆ. ಗುಲಾಬಿ ಬಣ್ಣದ್ದು. ತೀರಾ ಖಾಸಗಿ. ಎಲ್ರೂ ಹುಡುಕ್ಲಿ" ಎಂದಷ್ಟೇ ಹೇಳಲಾಯಿತು. "ಯಾವ ವರ್ಷದ್ದು ಸಾರ್?" ಎಂದು ಸಹಾಯಕರು ಕೇಳಿದ್ದಕ್ಕೆ "ಈ ವರ್ಷದ್ದೇ" ಎಂದು ಉತ್ತರಿಸಲಾಯಿತು.

ತತ್ಪರಿಣಾಮವಾಗಿ ಕಚೇರಿ ಬುಡಮೇಲಾಯಿತು. ಗುಲಾಬಿ ರಟ್ಟಿನ ಕಡತಗಳೆಲ್ಲವೂ ಕಟ್ಟುಕಟ್ಟಾಗಿ ಸದರಿ ಅಧಿಕಾರಿಯ ಮೇಜಿಗೆ ಬಂದು ಬಿದ್ದವು. ಎಲ್ಲಿಯೂ ಲಭ್ಯವಿಲ್ಲವೆಂದು ಸಾರ್ವಜನಿಕರಿಗೆ ಲಿಖಿತವಾಗಿ ತಿಳಿಸಲಾಗಿದ್ದ ಕಡತವೂ ಬಂತು. ಟಪಾಲು ಗುಮಾಸ್ತರು ಬೀರುವಿನ ಹಿಂದೆ ಕೈ ಹಾಕಿ ಸಿಕ್ಕಿಕೊಂಡರು. ಅವರನ್ನು ಬಿಡಿಸಲು ಬೀರುವನ್ನೇ ಸರಿಸಬೇಕಾಯಿತು. ಲೆಕ್ಕ ವಿಭಾಗದ ಮೇಡಂ ಅವರು, ಕಳೆದಿರುವುದು ವರ್ಗಾವಣೆ ಪಟ್ಟಿಯೇ ಇರಬೇಕೆಂದು ತೀರ್ಮಾನಿಸಿ, ಮನೆಯವರಿಗೆ ಫೋನ್ ಮಾಡಿ ಸಾಮಾನು ಕಟ್ಟಲು ಹೇಳಿದರು.

ಕೊನೆಗೆ ಕ್ಯಾಂಟೀನಿನ ಅಕ್ಕನವರು ಮುಸುರೆ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದು, ಕಡತಗಳ ರಾಶಿಯ ನಡುವೆ ನಿಂತು, "ಸಾರ್, ಮುಸುರೇಲಿ ಯಾರದ್ದೋ ಅಂಗುಳ ಸಿಕ್ಕಿದೆ. ನಿಮ್ದಾ ನೋಡಿ" ಎಂದರು.

ಸದರಿ ಅಧಿಕಾರಿ ಬಗ್ಗಿ ನೋಡಿದರು. ತಂತಿ ಬಾಗಿತ್ತು, ನಟ್ಟನಡುವೆ ಸೀಳು ಬಿಟ್ಟಿತ್ತು. "ನಂದೇ" ಎಂದರು. ಬಳಿಕ ಕುರ್ಚಿಯಲ್ಲಿ ಕುಸಿದು, ಯಾರೂ ಕೇಳದಿದ್ದರೂ, ಮಗಳ ಹಟದಿಂದ ಹಿಡಿದು ಬಸ್ಸಿನ ಬಳಿ ಕೊಟ್ಟ ಮಾತಿನವರೆಗೆ ಎಲ್ಲವನ್ನೂ ಹೇಳಿಕೊಂಡರು. "ಈಗ ಅವಳಿಗೆ ಏನಂತ ಹೇಳ್ಲಿ?" ಎಂದೂ ಕೇಳಿದರು. ಬೆರಳಚ್ಚುಗಾರರು ನೀರು ತಂದುಕೊಟ್ಟರು. ಅಕ್ಕನವರು, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಿಮ್ದು ಎರಡೂ ಆಗಿದೆ. ಸುಮ್ನೆ ಫೋನ್ ಮಾಡಿ ಸಾರ್" ಎಂದು ಬಕೆಟ್ ಎತ್ತಿಕೊಂಡು ಹೊರಟರು.

ಸಂಜೆ ಫೋನ್ ಮಾಡಲಾಯಿತು. "ಪುಟ್ಟೀ, ನನ್ನ ರಿಟೇನರ್ ಮುಸುರೆಗೆ ಬಿತ್ತು ಕಣೇ" ಎಂದು ತಪ್ಪೊಪ್ಪಿಗೆ ಸಲ್ಲಿಸಲಾಯಿತು. ಆ ಕಡೆ ಹಾಸ್ಟೆಲ್ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಅಪ್ಪಾ... ನಂದು ಹೋದ ತಿಂಗಳೇ ಹೋಯ್ತು. ಈ ವಯಸ್ಸಲ್ಲಿ ನನಗೋಸ್ಕರ ಅಷ್ಟು ನೋವು ತಿಂದೆ ನೀನು, ಯಾವ ಮುಖ ಇಟ್ಕೊಂಡು ಹೇಳೋದು ಅಂತ ಹೇಳ್ಲಿಲ್ಲ. ಒಂದು ಹಲ್ಲು ಆಗ್ಲೇ ಹೊರಟಿದೆ" ಎಂದು ಮಗಳು ಅತ್ತಳು.

ಬೈಯುವ ಅಧಿಕಾರವು ಸದರಿ ಅಧಿಕಾರಿಗೆ ಇತ್ತು. ಅದನ್ನು ಚಲಾಯಿಸಲಿಲ್ಲ. "ಹೋದ್ರೆ ಎಷ್ಟು ದೂರ ಹೋಗುತ್ತೆ? ಬಾಯೊಳಗೇ ತಾನೆ? ಶನಿವಾರ ಬಾ, ಇಬ್ರೂ ಹೋಗಿ ಹಿಡ್ಕೊಂಡು ಬರೋಣ" ಎಂದರು. ಮಗಳು ಮೂಗೆಳೆದುಕೊಂಡು ನಕ್ಕಿದ್ದು ಕೇಳಿಸಿತು.

ಈ ಎಲ್ಲ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ರಿಟೇನರ್ ಒಂದೋ ಬಾಯಿಯಲ್ಲಿ, ಇಲ್ಲವೇ ಡಬ್ಬಿಯಲ್ಲಿ ಇರತಕ್ಕದ್ದು. ಮೂರನೆಯ ಸ್ಥಳವನ್ನು ಈ ಕಚೇರಿ ಮಾನ್ಯ ಮಾಡುವುದಿಲ್ಲ. ಕಾಗದದಲ್ಲಿ ಸುತ್ತಿದ್ದೆಲ್ಲವೂ ಕಸವೆಂದೇ ಪರಿಗಣಿಸಲ್ಪಡುವುದರಿಂದ ಕ್ಯಾಂಟೀನಿನ ಅಕ್ಕನವರ ವಿರುದ್ಧ ಯಾವುದೇ ಕ್ರಮ ಇರುವುದಿಲ್ಲ. ಕ್ರಮ ಕೈಗೊಳ್ಳುವ ಧೈರ್ಯವೂ ಇರುವುದಿಲ್ಲ.

2. ರಿಟೇನರನ್ನು ತಣ್ಣೀರಿನಲ್ಲೇ ತೊಳೆಯತಕ್ಕದ್ದು. ಬಿಸಿನೀರಿನಲ್ಲಿ ಅದು ಸೊಟ್ಟಗಾಗುತ್ತದೆ. ಸೊಟ್ಟ ರಿಟೇನರಿಗೆ ಹಲ್ಲುಗಳೇ ಹೊಂದಿಕೊಂಡು ಹೋಗಲಿ ಎಂಬ ಸದರಿ ಅಧಿಕಾರಿಯ ವಾದವನ್ನು ಡಾಕ್ಟರು ಈಗಾಗಲೇ ತಳ್ಳಿಹಾಕಿದ್ದಾರೆ.

3. ರಿಟೇನರ್ ಧರಿಸಿದ ಅಧಿಕಾರಿಯು "ಸಹಿ" ಎಂದದ್ದು "ಥಹಿ" ಎಂದು ಕೇಳಿಸಿದರೂ ಸಹಿಯನ್ನೇ ಪಡೆಯತಕ್ಕದ್ದು. ಹಾಗೆಯೇ ತಿರುಗಿ ಉಚ್ಚರಿಸಿ ತೋರಿಸತಕ್ಕದ್ದಲ್ಲ. (ಟಪಾಲು ಗುಮಾಸ್ತರ ವಿಶೇಷ ಗಮನಕ್ಕೆ.)

4. ಹಲ್ಲುಗಳು ಪೂರ್ವಾನುಮತಿಯಿಲ್ಲದೆ ನಿಯುಕ್ತ ಸ್ಥಳ ಬಿಟ್ಟು ಕದಲತಕ್ಕದ್ದಲ್ಲ. ಕದಲಿದ ಹಲ್ಲಿಗೆ ಕಾರಣ ಕೇಳಿ ನೋಟಿಸು ಜಾರಿ ಮಾಡಿ, ವಿವರಣೆ ಬರುವವರೆಗೆ ಗಟ್ಟಿ ಪದಾರ್ಥಗಳ ಕೆಲಸದಿಂದ ಅದನ್ನು ಬಿಡುಗಡೆಗೊಳಿಸಲಾಗುವುದು. ಬುದ್ಧಿಹಲ್ಲಿಗೆ ವಿನಾಯಿತಿ ಇದೆ. ಸೇವೆಗೆ ಸೇರಿದ್ದೇ ತಡವಾಗಿ.

5. ಹುಡುಕಾಟದಲ್ಲಿ ಅಕಸ್ಮಾತ್ತಾಗಿ ಸಿಕ್ಕಿರುವ ಕಡತಗಳನ್ನು ಪುನಃ ಕಳೆಯಲು ಯಾರೂ ಯತ್ನಿಸತಕ್ಕದ್ದಲ್ಲ.

6. ಶನಿವಾರದಂದು ಸದರಿ ಅಧಿಕಾರಿ ರಜೆಯಲ್ಲಿರುತ್ತಾರೆ. ಎಷ್ಟೇ ತುರ್ತಿದ್ದರೂ ಫೋನ್ ಮಾಡತಕ್ಕದ್ದಲ್ಲ. ಹಲ್ಲಿನ ಅಚ್ಚು ತೆಗೆಯುವ ಮುದ್ದೆ ಬಾಯಲ್ಲಿರುವಾಗ ಹೊರಟ ಯಾವುದೇ ಶಬ್ದವನ್ನು ಮಂಜೂರಾತಿಯೆಂದು ಭಾವಿಸತಕ್ಕದ್ದಲ್ಲ.

ಸಹಿ/-
ಕಚೇರಿ ಮುಖ್ಯಸ್ಥರು

ಪ್ರತಿಗಳು:
(1) ಎಲ್ಲ ವಿಭಾಗಗಳ ಸೂಚನಾ ಫಲಕಕ್ಕೆ.
(2) ಲೆಕ್ಕ ವಿಭಾಗದ ಮೇಡಂ ಅವರಿಗೆ, ಕಟ್ಟಿದ ಸಾಮಾನು ಬಿಚ್ಚುವ ಸಲುವಾಗಿ.
(3) ಹಲ್ಲಿನ ಡಾಕ್ಟರಿಗೆ, ಶನಿವಾರ ಇಬ್ಬರಿಗೆ ಸಮಯ ಕಾದಿರಿಸುವಂತೆ ಹಾಗೂ ಇಬ್ಬರಿಗೂ ಒಟ್ಟಿಗೇ ಬೈದು ಮುಗಿಸುವಂತೆ ಕೋರಿ.
(4) ಮಗಳಿಗೆ, ಹಾಸ್ಟೆಲ್ ವಿಳಾಸಕ್ಕೆ. ಇನ್ನು ಅಳತಕ್ಕದ್ದಲ್ಲ. ಬಸ್ ನಿಲ್ದಾಣಕ್ಕೆ ನಾನೇ ಬರ್ತೀನಿ.
(5) ಮಗಳ ತಾಯಿಯವರಿಗೆ: ಸದ್ಯಕ್ಕೆ ಕಳುಹಿಸತಕ್ಕದ್ದಲ್ಲ.