ಹಲ್ಲಿರೋ ಕೊಕ್ಕರೆಯ ಕಡೆಯವರು

ಸಿಯಾಟಲ್ ಸುತ್ತಮುತ್ತ ರಗ್ಬಿ ಲೀಗ್ ನೋಡೋರೇ ಕಡಿಮೆ. ಅದರಲ್ಲಿ ಕನ್ನಡದವರು ಅಂದ್ರೆ, ನನಗೆ ಗೊತ್ತಿರೋ ಹಾಗೆ, ನಮ್ಮ ಮನೆಯವರು ಮಾತ್ರ. ಹಾಗಾಗಿ ಶನಿವಾರ ಬಂತೂ ಅಂದ್ರೆ ನಮಗೆ ಏನಾದರೊಂದು ಆಗಿಯೇ ತೀರುತ್ತೆ. ಏನೂ ಆಗದೆ ಸುಮ್ಮನೆ ಮನೆಗೆ ವಾಪಸ್ ಬಂದ ಶನಿವಾರ ನನಗಂತೂ ನೆನಪಿಲ್ಲ.

ಯಜಮಾನರು ವಿಮಾನ ಕಟ್ಟೋ ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆ ಅಲ್ಲೇ ಹತ್ತಿರ, ಮುಕಿಲ್ಟಿಯೊದಲ್ಲಿ. ಅವರ ಜೊತೆ ಕೆಲಸ ಮಾಡೋ ಇಂಗ್ಲೆಂಡಿನವನೊಬ್ಬ ಶೋರ್‌ಲೈನ್ ಅನ್ನೋ ಊರಿನ ಒಂದು ಸಣ್ಣ ಕ್ಲಬ್ಬಿಗೆ ಕೋಚ್. "ಒಂದು ಸಲ ಬಂದು ನೋಡಿ" ಅಂದ. ದಾಕ್ಷಿಣ್ಯಕ್ಕೆ ಹೋದ್ವಿ. ಮೈದಾನದಲ್ಲಿ ಆಡೋರಿಗಿಂತ ನೋಡೋರು ಕಡಿಮೆ ಇದ್ರು. ಅವನ ತಂಡ ಹಿಗ್ಗಾಮುಗ್ಗಾ ಸೋತಿತು. ಸೋತು, ಮೈಯೆಲ್ಲಾ ಕೆಸರು ಮೆತ್ಕೊಂಡು ಹೊರಗೆ ಬಂದ ಹುಡುಗರು ಕಪ್ ಗೆದ್ದವರ ಥರ ಎದೆ ಸೆಟೆಸಿಕೊಂಡು ನಮ್ಮ ಕಡೆ ಕೈ ಬೀಸಿದ್ರು. ಯಜಮಾನರಿಗೆ ಅದು ಯಾಕೆ ಅಷ್ಟು ನಾಟಿತೋ. "ಸೋತ್ರೆ ಹಿಂಗೆ ಸೋಲ್ಬೇಕು ಕಣೇ" ಅಂದ್ರು. ಅವತ್ತಿಂದ ನಾವು ಆ ಕಡೆಯವರು. ಆ ಕ್ಲಬ್ಬಿನ ಗುರುತು ಕೊಕ್ಕರೆ.

ಎಲೆಯ ಮೇಲಿನ ಮೈದಾನ

ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟ. ಯಜಮಾನರು ಕೊಕ್ಕರೆ ಟೀ ಶರ್ಟಿನಲ್ಲೇ ಹೊರಟ್ರು. "ರೀ, ಜುಬ್ಬ ಇಸ್ತ್ರಿ ಮಾಡಿಟ್ಟಿದೀನಿ" ಅಂದೆ.

"ಹಬ್ಬಾನೂ ನಮ್ದೇ, ಕ್ಲಬ್ಬೂ ನಮ್ದೇ" ಅಂದ್ರು.

ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಟೀ ಶರ್ಟ್ ನೋಡಿ, "ಏನ್ ಸಾರ್ ಇದು, ಅಮೆರಿಕನ್ ಫುಟ್‌ಬಾಲಾ?" ಅಂದ್ರು.

"ಅಲ್ಲ ಸಾರ್. ರಗ್ಬಿ ಲೀಗ್."

"ಓ, ರಗ್ಬಿ! ಗೊತ್ತು ಬಿಡಿ. ಹದಿನೈದು ಜನ ತಬ್ಕೊಂಡು ತಳ್ಳಾಡ್ತಾರಲ್ಲ?"

"ಅದು ರಗ್ಬಿ ಯೂನಿಯನ್ ಸಾರ್. ಅವರೇ ಬೇರೆ, ನಾವೇ ಬೇರೆ. ನಾವು ಹದಿಮೂರು ಜನ." ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬಾಳೆ ಎಲೆಯ ಚಿತ್ರ ಇದ್ದ ಆ ಕಾಗದದ ಎಲೆ ಮೇಲೆ ಯಜಮಾನರು ಮೈದಾನವನ್ನೇ ಹಾಕಿಬಿಟ್ರು. ಕೋಸಂಬರಿ ನಮ್ಮ ತಂಡ, ಪಲ್ಯ ಎದುರಾಳಿ, ಅಂಬೊಡೆ ಚೆಂಡು. ಚೆಂಡು ಇಟ್ಕೊಂಡು ಮುಂದಕ್ಕೆ ಓಡಬೇಕು, ಆದ್ರೆ ಕೈಯಿಂದ ಹಿಂದಕ್ಕೆ ಮಾತ್ರ ಎಸೀಬೇಕು. ಆರು ಸಲ ಕೆಡವಿದ್ರೆ, ಅಂದ್ರೆ ಆರು ಟ್ಯಾಕಲ್ ಆದ್ರೆ, ಚೆಂಡು ಪಲ್ಯದವರಿಗೆ. ಸಾರು ತಂದ ಹುಡುಗಿ ಎಲ್ಲಿ ಬಡಿಸೋದು ಅಂತ ತೋಚದೆ ಸೌಟು ಹಿಡ್ಕೊಂಡು ನಿಂತಳು. "ಸ್ವಲ್ಪ ತಡಿಯಮ್ಮ, ಐದನೇ ಟ್ಯಾಕಲ್ ನಡೀತಿದೆ" ಅಂತ ಅವಳನ್ನ ಮುಂದಕ್ಕೆ ಕಳಿಸಿದ್ರು.

ಹಿರಿಯರು ತದೇಕಚಿತ್ತದಿಂದ ಕೇಳಿಸಿಕೊಂಡ್ರು. ಕೊನೆಗೆ ತಲೆ ಆಡಿಸಿ, "ಈಗ ಪೂರ್ತಿ ಅರ್ಥ ಆಯ್ತು ಸಾರ್. ಒಂದೇ ಒಂದು ಡೌಟು. ಹೆಲ್ಮೆಟ್ ಯಾವಾಗ ಹಾಕ್ಕೋತಾರೆ?" ಅಂದ್ರು.

ಯಜಮಾನರು ಚೆಂಡನ್ನ ಎತ್ತಿ ಬಾಯಿಗೆ ಹಾಕ್ಕೊಂಡ್ರು.

ಕೊಕ್ಕರೆಗೆ ಹಲ್ಲು ಬಂದದ್ದು

ಕ್ಲಬ್ಬಿನ ಕಮಿಟಿಗೆ ಹೊಸಬರೊಬ್ಬರು ಬಂದ್ರು. ಮಾರ್ಕೆಟಿಂಗ್‌ನವರು. ಬಂದವರೇ ಸಭೆ ಕರೆದು, ಗೋಡೆ ಮೇಲೆ ಸ್ಲೈಡ್ ಬಿಟ್ಟು, "ಕೊಕ್ಕರೆ ನೋಡಿ ಯಾರೂ ಹೆದರಲ್ಲ. ಹೆಸರು ಬದಲಾಯಿಸೋಣ, ಗುರುತು ಬದಲಾಯಿಸೋಣ. ತಿಮಿಂಗಿಲ ಇಡೋಣ, ಇಲ್ಲಾ ಗುಡುಗು ಇಡೋಣ. ಎದುರಾಳಿ ನಡುಗಬೇಕು" ಅಂದ್ರು.

ಕ್ಲಬ್ ಹುಟ್ಟಿದಾಗಿನಿಂದ ಒಂದು ಪಂದ್ಯವನ್ನೂ ತಪ್ಪಿಸದ ಶೋರ್‌ಲೈನಿನ ನಿವೃತ್ತ ನರ್ಸ್ ಒಬ್ಬರಿದ್ರು. ಅವರು ಹೆಣಿಗೆಯಿಂದ ತಲೆ ಎತ್ತಲೇ ಇಲ್ಲ. "ನಾವು ಪಂದ್ಯ ಸೋತಿದೀವಿ. ಹೆಸರು ಸೋತಿಲ್ಲ" ಅಂದ್ರು.

ಯಜಮಾನರು ಎದ್ದು ನಿಂತ್ರು. "ನಾನು ದಿನಾ ಮಧ್ಯಾಹ್ನ ಮುಕಿಲ್ಟಿಯೊದ ಫೆರಿ ಹಡಗಿನ ಕಟ್ಟೆ ಹತ್ರ ಕೂತು ಡಬ್ಬಿ ಊಟ ಮಾಡ್ತೀನಿ. ನೀರಲ್ಲಿ ಒಂದು ಕೊಕ್ಕರೆ ನಿಂತಿರುತ್ತೆ. ಅಲೆ ಬಂದ್ರೂ ಅಲ್ಲಾಡಲ್ಲ, ಅಷ್ಟು ದೊಡ್ಡ ಫೆರಿ ಹಾರ್ನ್ ಹೊಡೆದ್ರೂ ಅಲ್ಲಾಡಲ್ಲ. ಅದನ್ನ ಅಲ್ಲಾಡಿಸೋಕೆ ನೀವ್ಯಾರು ಸ್ವಾಮೀ?" ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು, ಕೊನೇ "ಸ್ವಾಮೀ" ಮಾತ್ರ ತಡೆಯಲಾರದೆ ಕನ್ನಡದಲ್ಲಿ ಬಂತು. ಅದಕ್ಕೇ ಜಾಸ್ತಿ ಚಪ್ಪಾಳೆ ಬಿತ್ತು. ಕೈ ಎತ್ತಿಸಿ ನೋಡಿದ್ರು, ಕೊಕ್ಕರೆ ಗೆದ್ದಿತು.

ಮಾರ್ಕೆಟಿಂಗ್‌ನವರ ಮುಖ ಚಿಕ್ಕದಾಯ್ತು. "ಸರಿ, ಸ್ವಲ್ಪ ಉಗ್ರವಾಗಿ ಆದ್ರೂ ಚಿತ್ರ ಬರೆಸ್ಲಾ?" ಅಂದ್ರು. ಪಾಪ, ಬರೆಸಲಿ ಅಂತ ಎಲ್ಲರೂ ಒಪ್ಪಿದ್ವಿ. ಹೊಸ ಜೆರ್ಸಿ ಬಂತು. ಬಿಚ್ಚಿ ನೋಡಿದ್ರೆ ಕೊಕ್ಕರೆಯ ಕೊಕ್ಕಿನ ತುಂಬಾ ಹಲ್ಲು. ಮೇಲೊಂದು ಸಾಲು, ಕೆಳಗೊಂದು ಸಾಲು, ಬೆಳ್ಳಗೆ, ಫಳಫಳ.

ಎಲ್ಲರೂ ಜೆರ್ಸಿ ತಿರುಗಿಸಿ ತಿರುಗಿಸಿ ನೋಡಿದ್ವಿ. ಕೊನೆಗೆ ನರ್ಸಮ್ಮ ಒಂದು ಜೆರ್ಸಿ ಎತ್ತಿ ಸ್ವೆಟರ್ ಮೇಲೇ ತೊಟ್ಟುಕೊಂಡು, "ಹಲ್ಲಿದ್ರೇನು, ನಮ್ಮದೇ ಕೊಕ್ಕರೆ" ಅಂದ್ರು. ಅಲ್ಲಿಗೆ ಮುಗೀತು. ಎಲ್ಲರೂ ಹಾಕ್ಕೊಂಡ್ವಿ. ನಾನು ಅದನ್ನೇ ಹಾಕ್ಕೊಂಡು ಇಂಡಿಯನ್ ಅಂಗಡಿಗೂ ಹೋದೆ. ಅಲ್ಲಿ ತೆಲುಗಿನ ಹೆಂಗಸೊಬ್ಬರು ಹಿಂದೆ ಹಿಂದೆಯೇ ಬಂದು, ನನ್ನ ಎದೆಯನ್ನ ದಿಟ್ಟಿಸಿ ನೋಡಿ ಕೇಳಿದ್ರು: "ಅಕ್ಕಾ, ನಿಮ್ಮ ಡೆಂಟಲ್ ಕ್ಲಿನಿಕ್ ಶನಿವಾರ ತೆಗೆದಿರುತ್ತಾ?"

ಗೆರೆ ಅಂದ್ರೆ ಗೆರೆ

ಅಭಿಮಾನಿಗಳಲ್ಲಿ ರೆಫರಿಯನ್ನ ಬೈಯೋರು ಎರಡು ಥರ. ಯಜಮಾನರು ಕಾರಣ ಇಲ್ಲದೆ ಬೈತಾರೆ. ನಾನು ನಿಯಮ ಓದ್ಕೊಂಡು ಬೈತೀನಿ. ಒಂದು ಶನಿವಾರ ನಾನು ಪಂದ್ಯ ಶುರುವಾಗೋ ಮುಂಚೆಯೇ ಗಂಟಲು ಸರಿ ಮಾಡ್ಕೋತಿದ್ದೆ. ರೆಫರಿ ನೇರವಾಗಿ ನನ್ನ ಹತ್ರ ಬಂದ್ರು. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಮನುಷ್ಯ, ಬಹಳ ಸಮಾಧಾನಿ. "ಇವತ್ತು ಗೆರೆ ಹತ್ರ ಬಾವುಟ ಹಿಡಿಯೋರು ಬಂದಿಲ್ಲ. ನಿಮಗೆ ನಿಯಮ ಎಲ್ಲಾ ಗೊತ್ತಲ್ಲ, ಹಿಡೀತೀರಾ?" ಅಂದ್ರು.

ನನ್ನನ್ನ ಸುಮ್ಮನಿರಿಸೋ ಉಪಾಯ ಅಂತ ಗೊತ್ತಾಯ್ತು. ಹಾಗಂತ ಹಿಂಜರಿಯೋಕಾಗುತ್ತಾ? ಬಾವುಟ ಕಿತ್ಕೊಂಡೆ.

ಕೊನೇ ಗಳಿಗೆ, ಎರಡೂ ಕಡೆ ಸಮ ಸಮ. ನಮ್ಮ ಹುಡುಗ ಚೆಂಡು ಅವಚಿಕೊಂಡು ಪಕ್ಕದ ಗೆರೆಗುಂಟ ಗಾಳಿ ಥರ ಬಂದ. ನನ್ನ ಕಣ್ಣೆದುರಿಗೇ ಅವನ ಎಡಗಾಲಿನ ಬೂಟು ಬಿಳಿ ಸುಣ್ಣದ ಮೇಲೆ ಬಿತ್ತು. ಮುಂದೆ ಹೋಗಿ ಕೊನೇ ಗೆರೆಯ ಆಚೆ ಚೆಂಡು ಊರಿದ, ಗೆದ್ವಿ ಅಂತ ನಮ್ಮವರೆಲ್ಲ ಕುಣಿದ್ರು. ಪಕ್ಕದ ಗೆರೆ ತುಳಿದ್ರೆ ಚೆಂಡು ಆಚೆ ಹೋದ ಲೆಕ್ಕ. ನಾನು ಬಾವುಟ ಎತ್ತಿದೆ.

ಪಂದ್ಯ ಸಮ ಆಗಿಯೇ ಮುಗೀತು. "ಯಾರ್ರೀ ಆ ಹೆಂಗಸಿಗೆ ಬಾವುಟ ಕೊಟ್ಟಿದ್ದು?" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನನಗೆ ತಾಳಿ ಕಟ್ಟಿದ ಗಂಡಸು.

ಕಾರು ಹತ್ತಿದ್ವಿ. ಸ್ವಲ್ಪ ದೂರ ಬಂದ ಮೇಲೆ ಯಜಮಾನರು ಹಿಂದಿನ ಸೀಟಿನಲ್ಲಿದ್ದ ಮಗಳಿಗೆ, "ನಿಮ್ಮಮ್ಮನ್ನ ಕೇಳು, ಒಂದು ಸ್ವಲ್ಪ ಕಣ್ಣು ಮುಚ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತು ಅಂತ" ಅಂದ್ರು.

"ನಿಮ್ಮಪ್ಪಂಗೆ ಹೇಳು, ಗೆರೆ ಅಂದ್ರೆ ಗೆರೆ ಅಂತ" ಅಂದೆ.

ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ತಾ, "ಗೈಸ್, ಐ ಆಮ್ ನಾಟ್ ದ ಪೋಸ್ಟ್ ಆಫೀಸ್" ಅಂದಳು.

ಅಷ್ಟರಲ್ಲಿ ಸ್ಟಾಪ್ ಸೈನ್ ಬಂತು. ಸಿಟ್ಟಿನಲ್ಲಿದ್ದ ಯಜಮಾನರು ಗಕ್ಕನೆ ಬ್ರೇಕ್ ಹಾಕಿದ್ರು. ಮುಂದಿನ ಚಕ್ರ ಬಿಳಿ ಗೆರೆ ದಾಟಿತ್ತು. ನಾನು ಸುಮ್ಮನೆ ಕೈ ಎತ್ತಿದೆ.

ಹೋಮ್‌ವರ್ಕ್

ನಮ್ಮ ಅಭಿಮಾನಿಗಳ ನಡುವೆ ಎಂದೂ ಮುಗಿಯದ ಜಗಳ ಅಂದ್ರೆ ಆಟಗಾರರನ್ನ ಎಲ್ಲಿಂದ ತರೋದು ಅನ್ನೋದು. ಕಾಲೇಜ್ ಫುಟ್‌ಬಾಲಿನಲ್ಲಿ ಜಾಗ ಸಿಗದ ದಾಂಡಿಗರನ್ನ ಕರ್ಕೊಂಡು ಬರೋಣ ಅಂತ ಅರ್ಧ ಜನ. ನಮ್ಮ ಊರಿನ ಮಕ್ಕಳನ್ನೇ ಬೆಳೆಸೋಣ ಅಂತ ಇನ್ನರ್ಧ. ನಾನು ಬೆಳೆಸೋ ಕಡೆ. ಮಾತು ಜೋರಾಗಿ ಕೋಚು, "ಹಾಗಾದ್ರೆ ಮಕ್ಕಳನ್ನ ಕರ್ಕೊಂಡು ಬನ್ನಿ ನೋಡೋಣ" ಅಂದ.

ಸವಾಲು ಹಾಕಿದ ಮೇಲೆ ಬಿಡೋದುಂಟಾ? ಭಾನುವಾರದ ಕನ್ನಡ ತರಗತಿಗೆ ಹೋಗಿ ಅಪ್ಪ ಅಮ್ಮಂದಿರ ಮುಂದೆ ನಿಂತೆ. "ಕಾಲೇಜ್ ಅಡ್ಮಿಷನ್‌ಗೆ ಉಪಯೋಗ ಆಗುತ್ತಾ?" ಅಂದ್ರು ಒಬ್ಬರು. "ಬೆಲ್ಟ್ ಕೊಡ್ತಾರಾ, ಕರಾಟೆ ಥರ?" ಅಂದ್ರು ಇನ್ನೊಬ್ಬರು. "ಮೈ ಮುಟ್ಟಲ್ಲ ತಾನೇ?" ಅಂದ್ರು ಮೂರನೆಯವರು. ಚಿಕ್ಕ ಮಕ್ಕಳಿಗೆ ಸೊಂಟದ ಪಟ್ಟಿ ಕೀಳೋ ಆಟ ಅಷ್ಟೇ, ಕೆಡವೋದಿಲ್ಲ ಅಂತ ಹೇಳಿ ಒಪ್ಪಿಸಿದೆ.

ಮಕ್ಕಳು ಬಂದ್ರು, ಓಡಿದ್ರು, ಬಿದ್ರು, ಎದ್ರು. ಕೋಚಿಗೆ ಖುಷಿಯೋ ಖುಷಿ. ಮನೆಗೆ ಹೊರಡೋ ಹೊತ್ತಿಗೆ ಒಬ್ಬ ತಾಯಿ ಅವನನ್ನ ತಡೆದು, "ಹೋಮ್‌ವರ್ಕ್ ಏನೂ ಕೊಡಲ್ವಾ?" ಅಂದ್ರು.

ಅವನು ತಮಾಷೆಗೆ, "ದೊಡ್ಡ ಮಕ್ಕಳು ಹಾಸಿಗೆಗೆ ಭುಜ ಕೊಟ್ಟು ಗುದ್ದಿ ಅಭ್ಯಾಸ ಮಾಡಲಿ" ಅಂದುಬಿಟ್ಟ. ನಮ್ಮ ಜನರಿಗೆ ಹೋಮ್‌ವರ್ಕ್ ವಿಷಯದಲ್ಲಿ ತಮಾಷೆ ಮಾಡಬಾರದು ಅಂತ ಅವನಿಗೇನು ಗೊತ್ತು?

ಮುಂದಿನ ವಾರ ಎಲ್ಲಾ ಮಕ್ಕಳೂ ಮಾಡ್ಕೊಂಡು ಬಂದಿದ್ರು. ಒಂದು ಮನೆಯಲ್ಲಿ ಮಂಚದ ಕಾಲು ಮುರಿದು ಅಪ್ಪ ಅಮ್ಮ ನೆಲದ ಮೇಲೆ ಮಲಗ್ತಿದ್ರು. ಆ ಅಪ್ಪನೇ ಕೋಚಿನ ಹತ್ರ ಬಂದ. ಬೈಯೋಕೆ ಬಂದ ಅಂತ ನಾನು ಸೆರಗು ಸರಿ ಮಾಡ್ಕೊಂಡು ಜಗಳಕ್ಕೆ ತಯಾರಾದೆ. ಅವನು ಫೋನಿನಲ್ಲಿ ಮುರಿದ ಮಂಚದ ಫೋಟೋ ತೋರಿಸಿ, "ಇದಕ್ಕೆ ಎಕ್ಸ್‌ಟ್ರಾ ಮಾರ್ಕ್ಸ್ ಇದೆಯಾ?" ಅಂದ.

ಡುವಾಲ್‌ನಲ್ಲಿ ನಮ್ಮತ್ತೆ

ಸಿಯಾಟಲ್ ಪಕ್ಕದ ಸರೋವರದ ಆ ಕಡೆಯ ದೊಡ್ಡ ಕ್ಲಬ್ಬಿಗೆ ನಮ್ಮನ್ನ ಒಳಗೆ ಹಾಕ್ಕೊಳ್ಳೋ ಆಸೆ ಬಹಳ ದಿನದಿಂದ ಇತ್ತು. ಆ ವರ್ಷ ನಮಗೆ ಆಟಗಾರರು ಸಾಲದೆ ಪಂದ್ಯಗಳನ್ನ ಬಿಟ್ಟುಕೊಟ್ಟಿದ್ವಿ. ಇನ್ನೊಂದು ಸಲ ಹದಿಮೂರು ಜನ ಇಳಿಯದಿದ್ರೆ ಎರಡೂ ಕ್ಲಬ್ ಸೇರಿಸಿಬಿಡ್ತೀವಿ ಅಂತ ಲೀಗ್ ನಡೆಸೋ ಮೇಲಿನವರು ಹೇಳಿದ್ರು. ಮುಂದಿನ ಪಂದ್ಯ ಆ ದೊಡ್ಡ ಕ್ಲಬ್ಬಿನ ಮೇಲೇ, ಡುವಾಲ್‌ನ ಹೊಲಗಳ ಮಧ್ಯದ ಮೈದಾನದಲ್ಲಿ.

ಮಂಡ್ಯದಿಂದ ನಮ್ಮತ್ತೆ ಬಂದಿದ್ರು. ಮನೇಲಿ ಒಬ್ಬರನ್ನೇ ಬಿಡೋದು ಬೇಡ ಅಂತ ಸ್ವೆಟರ್, ಮಫ್ಲರ್, ಕೊಡೆ ಎಲ್ಲಾ ಕೊಟ್ಟು ಕರ್ಕೊಂಡು ಹೋದ್ವಿ. ಅಲ್ಲಿ ನೋಡಿದ್ರೆ ನಮ್ಮವರು ಹನ್ನೆರಡೇ ಜನ. ಹದಿಮೂರನೆಯವನ ಕಾರು ದಾರಿಯಲ್ಲಿ ಕೆಟ್ಟು ನಿಂತಿತ್ತು. ಎದುರಿನವರು ಆಗಲೇ ಮುಸಿಮುಸಿ ನಗ್ತಿದ್ರು.

ಕ್ಲಬ್ಬಿನ ಸದಸ್ಯರು ಯಾರು ಬೇಕಾದ್ರೂ ಆಡಬಹುದು ಅಂತ ನಿಯಮ ಇತ್ತು. ಯಜಮಾನರು ಜಾಕೆಟ್ ಬಿಚ್ಚಿದ್ರು. "ರೀ, ನಿಮಗೆ ಮಂಡಿ ನೋವು!" ಅಂದೆ.

"ಮಂಡಿ ನೋಯ್ಲಿ. ಕ್ಲಬ್ ಉಳೀಲಿ" ಅಂದ್ರು. ಕೋಚು ಅವರನ್ನ ಮೈದಾನದ ಅಂಚಿಗೆ ನಿಲ್ಲಿಸಿ, "ನೀವು ಏನೂ ಮಾಡ್ಬೇಡಿ. ಸುಮ್ಮನೆ ಇರಿ, ಸಾಕು" ಅಂದ.

ಅವರು ಸುಮ್ಮನೇ ಇದ್ರು. ಚೆಂಡು ಸುಮ್ಮನಿರಲಿಲ್ಲ. ಎಲ್ಲೋ ಪುಟಿದು ಬಂದು ಅವರ ಎದೆಗೇ ಬಿತ್ತು. ತಬ್ಬಿ ಹಿಡ್ಕೊಂಡು ಅವರು ನಾಲ್ಕು ಹೆಜ್ಜೆ ಓಡಿರಬೇಕು, ಬಾಗಿಲಿನಷ್ಟು ಅಗಲದ ಒಬ್ಬ ಆಸಾಮಿ ಬಂದು ಅವರನ್ನ ತಬ್ಬಿ, ಮಗೂನ ಮಲಗಿಸಿದ ಹಾಗೆ ಕೆಸರಿನಲ್ಲಿ ಮಲಗಿಸಿದ. ನಿಯಮದ ಪ್ರಕಾರ ಏನೂ ತಪ್ಪಿರಲಿಲ್ಲ.

ಪಕ್ಕದಲ್ಲಿ ನೋಡ್ತೀನಿ, ಅತ್ತೆ ಇಲ್ಲ. ಕೊಡೆ ಹಿಡ್ಕೊಂಡು ಮೈದಾನದ ನಡುವೆ ಹೋಗ್ತಿದಾರೆ!

"ಏನ್ಲಾ, ನನ್ ಮಗನ್ನ ಯಾಕ್ಲಾ ಕೆಡವ್ದೆ? ವಯಸ್ಸಾದೋರು ಅಂತ ಗ್ಯಾನ ಬ್ಯಾಡ್ವಾ ನಿಂಗೆ?" ಕೊಡೆಯ ತುದಿ ಅವನ ಎದೆ ಮಟ್ಟಕ್ಕೂ ಬರ್ತಿರಲಿಲ್ಲ. ಭಾಷೆ ತಿಳಿಯದಿದ್ರೂ ಬೈಗುಳ ತಿಳೀತು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಸಾರಿ ಗ್ರ್ಯಾಂಡ್‌ಮಾ, ಸಾರಿ" ಅಂದ. ಯಜಮಾನರು ಕೆಸರಿನಿಂದಲೇ, "ಅವ್ವಾ, ಆಚೆ ಹೋಗವ್ವಾ, ಆಟ ಇದು!" ಅಂತ ಬೇಡ್ಕೋತಿದ್ರು.

ಅದೇ ಮೇಷ್ಟ್ರು ರೆಫರಿ ಓಡಿ ಬಂದ್ರು. ಅತ್ತೆಯನ್ನ ಮೇಲಿಂದ ಕೆಳಗೆ ನೋಡಿದ್ರು. ನಗು ತಡ್ಕೊಂಡು, ಎರಡೂ ಕೈ ಮೇಲೆತ್ತಿ ಹತ್ತು ಬೆರಳು ಬಿಡಿಸಿ ತೋರಿಸಿದ್ರು. ತಪ್ಪು ಮಾಡಿದವರು ಹತ್ತು ನಿಮಿಷ ಹೊರಗೆ ಕೂರಬೇಕು ಅನ್ನೋ ಸನ್ನೆ ಅದು. ದೊಡ್ಡ ಮನುಷ್ಯರು ಕೈ ಎತ್ತಿ ಮರ್ಯಾದೆ ಕೊಡ್ತಿದಾರೆ ಅಂದ್ಕೊಂಡ ಅತ್ತೆ, ಕೊಡೆಯನ್ನ ಕಂಕುಳಿಗೆ ಸಿಕ್ಕಿಸಿ, ತಿರುಗಿ ನಮಸ್ಕಾರ ಮಾಡಿದ್ರು.

ಮಗಳು ಅಜ್ಜಿಯನ್ನ ಕೈಹಿಡಿದು ಕರ್ಕೊಂಡು ಬಂದು ಶಿಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು. ಅದು ಎದುರಾಳಿಗಳ ಬೆಂಚಿನ ಪಕ್ಕದಲ್ಲೇ ಇತ್ತು. ಅವರು ಕಂಬಳಿ ಹೊದಿಸಿದ್ರು, ಬಿಸಿ ಕಾಫಿ ಕೊಟ್ರು. "ಇವ್ರ ಕಡೆ ಕುರ್ಚಿ ಚೆನ್ನಾಗದೆ" ಅಂತ ಅತ್ತೆ ಅಲ್ಲಿಂದಲೇ ಕೂಗಿ ನನಗೆ ಹೇಳಿದ್ರು.

ನಾವು ಸೋತಿದ್ದು ಹೇಳಿಕೊಳ್ಳೋ ಅಂಥ ಸೋಲಲ್ಲ, ಬಿಡಿ. ಆದ್ರೆ ಹದಿಮೂರು ಜನ ಇಳಿದಿದ್ವಿ, ಹದಿಮೂರೂ ಜನ ಕೊನೇವರೆಗೂ ನಿಂತಿದ್ವಿ. ಕ್ಲಬ್ ಇವತ್ತಿಗೂ ನಮ್ಮದೇ ಆಗಿ ಇದೆ.

ಅದೆಲ್ಲ ಆಮೇಲಿನ ಮಾತು. ಹತ್ತು ನಿಮಿಷ ಮುಗಿದಾಗ, ಗಡಿಯಾರ ನೋಡ್ಕೊಳ್ಳೋನು ಬಂದು ಅತ್ತೆಗೆ ಬಗ್ಗಿ ಏನೋ ಹೇಳಿದ. ಅತ್ತೆ ಮೊಮ್ಮಗಳನ್ನ, "ಏನಂತವ್ವಾ?" ಅಂತ ಕೇಳಿದ್ರು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡೋ ಮಗಳು ಅವತ್ತು ಬಲು ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಟೈಮ್ ಆಯ್ತು. ಈಗ ನೀವು ವಾಪಸ್ ಒಳಗೆ ಹೋಗಬಹುದು ಅಂತೆ."

ಅತ್ತೆ ಕಾಫಿ ಲೋಟ ಕೆಳಗಿಟ್ರು. ಕಂಬಳಿ ತೆಗೆದು ಮಡಿಸಿಟ್ರು. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಎದ್ದು ನಿಂತು, ಮೈದಾನವನ್ನ ಒಂದು ಸಲ ಆ ಕಡೆ ಈ ಕಡೆ ನೋಡಿ ಕೇಳಿದ್ರು:

"ಸರಿ, ನಾನೀಗ ಯಾವ ಕಡೀಕ್ ಓಡ್ಬೇಕು?"