ಎರಡು ವಾರ್ಡಿನ ನಡುವಿನ ಚರಂಡಿ

ಜಗಳವಾಡುವವರ ಬಗ್ಗೆ ನನಗೆ ಗೌರವವೇ ಇದೆ. ಜಗಳವಾಡಿ ಮುಗಿಸಲು ಬಾರದವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಈ ಮಾತು ಹೇಳುವ ಯೋಗ್ಯತೆ ನನಗಿದೆ. ಏಕೆಂದರೆ ನಮ್ಮ ಅವ್ವ ಮತ್ತು ನನ್ನ ಹೆಂಡತಿ ಶಾರದೆ, ಆಕೆ ನಮ್ಮ ಮನೆಯ ಹೊಸಿಲು ತುಳಿದಂದಿನಿಂದ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ. ಸಾರಿಗೆ ಹುಣಸೆಹಣ್ಣು ಎಷ್ಟು, ಹಾಲಿಗೆ ಹೆಪ್ಪು ಯಾವಾಗ, ನನ್ನ ಬುದ್ಧಿ ಕೆಟ್ಟದ್ದು ಯಾರಿಂದ, ಎಲ್ಲದಕ್ಕೂ ಎರಡೆರಡು ಅಭಿಪ್ರಾಯ. ಆದರೆ ಮೊಳಕಾಲ್ಮೂರಿನ ನಮ್ಮ ನಡುಮನೆಯಲ್ಲಿ ಒಂದು ಗುಣಿ ಮಗ್ಗವಿದೆ. ಶಾರದೆ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಾಳೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಯಾದ್ದರಿಂದ ಆ ಕಡೆಯ ಅಂಚಿನ ಲಾಳಿ ಎಸೆಯಲು ಇನ್ನೊಬ್ಬರು ಬೇಕು. ಅದು ಅವ್ವನ ಕೆಲಸ. ಅತ್ತೆ ಸೊಸೆ ಮಾತು ಬಿಟ್ಟ ದಿನಗಳು ಎಷ್ಟೋ ಇವೆ, ಲಾಳಿ ಬಿಟ್ಟ ದಿನ ಒಂದೂ ಇಲ್ಲ. ಒಬ್ಬರ ಮುಖ ಅತ್ತ, ಇನ್ನೊಬ್ಬರ ಮುಖ ಇತ್ತ, ಸೀರೆ ಮಾತ್ರ ನೆಟ್ಟಗೆ ಬರುತ್ತದೆ.

ಈಗ ಸಂಕಟ ಬಂದಿರುವುದು ಆ ಮಗ್ಗಕ್ಕೇ. ನಮ್ಮ ಬೀದಿಯ ನಟ್ಟನಡುವೆ ಪಟ್ಟಣ ಪಂಚಾಯಿತಿಯ ಎರಡು ವಾರ್ಡುಗಳ ಗಡಿ ಹಾದುಹೋಗುತ್ತದೆ. ಚರಂಡಿ ಒಂದು ವಾರ್ಡಿನಲ್ಲಿ ಹುಟ್ಟಿ ಇನ್ನೊಂದರಲ್ಲಿ ಹರಿದು ಹೋಗಬೇಕು. ಗಡಿಯಲ್ಲಿ, ಎಂದರೆ ಸರಿಯಾಗಿ ನಮ್ಮ ಮನೆಯ ಮುಂದೆ, ಅದು ಹೂಳು ತುಂಬಿ ನಿಂತುಬಿಟ್ಟಿದೆ. ಮೊನ್ನೆ ಮಳೆ ಬಂದಾಗ ಗಲೀಜು ನೀರು ಗೋಡೆಯಡಿಯಿಂದ ಜಿನುಗಿ ಮಗ್ಗದ ಗುಂಡಿಗೆ ಇಳಿಯಿತು. ಮಗ್ಗದ ಮೇಲೆ ಯಾರದೋ ಮದುವೆಯ ಧಾರೆ ಸೀರೆ ಅರ್ಧ ಆಗಿತ್ತು. ಇನ್ನೊಂದು ಮಳೆ ಬಂದು ಹಾಸಿನ ಎಳೆಗಳಿಗೆ ಶೀತ ಹಿಡಿದರೆ ಸೀರೆಯೂ ಹೋಯಿತು, ಅತ್ತೆ ಸೊಸೆಯನ್ನು ಒಂದೆಡೆ ಕೂರಿಸುವ ಒಂದೇ ಒಂದು ನೆಪವೂ ಹೋಯಿತು.

ಎರಡು ವಾರ್ಡಿಗೆ ಇಬ್ಬರು ಮೆಂಬರುಗಳು, ಪಾಲಣ್ಣ ಮತ್ತು ರುದ್ರಣ್ಣ. ಇಬ್ಬರದೂ ಬೇರೆ ಬೇರೆ ಪಕ್ಷ. ಹಿಂದೆಯೂ ನಮ್ಮೂರಲ್ಲಿ ಪಕ್ಷಗಳಿದ್ದವು. ಹಳೆಯ ಮೆಂಬರುಗಳು ವೇದಿಕೆಯ ಮೇಲೆ ಒಬ್ಬರ ಮಾನ ಒಬ್ಬರು ಹರಾಜು ಹಾಕಿ, ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೇ ತಟ್ಟೆಗೆ ಕೈಹಾಕಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು. ಮಂಡಕ್ಕಿ ಮುಗಿಯುವಷ್ಟರಲ್ಲಿ ‘ನಲ್ಲಿ ನಿನ್ನ ಕಡೆಗೆ, ದೀಪ ನನ್ನ ಕಡೆಗೆ’ ಎಂದು ಇತ್ಯರ್ಥವಾಗಿರುತ್ತಿತ್ತು. ಈ ಮಹಾನುಭಾವರಿಗೆ ಅಷ್ಟು ಅಗ್ಗದ ಜಗಳ ಸಾಲದು. ರುದ್ರಣ್ಣ ಹೋಗುವ ಕಟಿಂಗ್ ಶಾಪಿಗೆ ಪಾಲಣ್ಣ ಹೋಗುವುದಿಲ್ಲ. ಪಾಲಣ್ಣ ಹೊಗಳಿದ ಹೋಳಿಗೆಯನ್ನು ರುದ್ರಣ್ಣ ಎಲೆಯ ತುದಿಗೆ ತಳ್ಳುತ್ತಾನೆ. ಇವರಿಗೆ ಚರಂಡಿ ಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಅಲ್ಲ, ಅವನಿಗೆ ಬೇಕೋ ಬೇಡವೋ ಎಂಬುದೊಂದೇ ಪ್ರಶ್ನೆ. ತತ್ವಕ್ಕಾಗಿ ಕಿತ್ತಾಡಿದರೆ ಕಾಲು ಹಿಡಿದೇನು. ಇವರಲ್ಲಿ ಹುಡುಕಿದರೂ ತತ್ವ ಸಿಗದು, ಬರೀ ಹೊಟ್ಟೆಯುರಿ.

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿಟಕಿಯ ಪಕ್ಕ ಕೂತು ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸುವ ಅಭ್ಯಾಸವಿದೆ. ಹಾಗೆ ಒಂದು ದಿನ ಚರಂಡಿಗೂ ಪರಿಹಾರ ಹೊಳೆಯಿತು. ನೇರವಾಗಿ ಪಾಲಣ್ಣನ ಮನೆಗೆ ಹೋಗಿ, “ಚರಂಡಿ ಹೂಳು ತೆಗೆಯಾಕೆ ಬಿಡಲ್ಲ ಅಂತ ರುದ್ರಣ್ಣ ಶಪಥ ಮಾಡವ್ರಂತೆ” ಎಂದು ಮೆಲ್ಲಗೆ ಉಸುರಿದೆ. ಪಾಲಣ್ಣ ಕುರ್ಚಿಯಿಂದ ಎದ್ದೇಬಿಟ್ಟ. “ಅವ್ನ್ಯಾರ್ರೀ ಬಿಡಲ್ಲ ಅನ್ನಾಕೆ? ಹೂಳು ತೆಗಿಸ್ಲಿಲ್ಲ ಅಂದ್ರೆ ನಾನು ಮೀಸೆ ತೆಗಿಸ್ತೀನಿ!” ಅಲ್ಲಿಂದ ರುದ್ರಣ್ಣನ ಮನೆಗೆ ಹೋಗಿ ಅದನ್ನೇ ತಿರುಗಿಸಿ ಹೇಳಿದೆ. ಅವನಿಗೆ ಮೀಸೆ ಇಲ್ಲದ್ದರಿಂದ ದೇವರ ಮೇಲೆ ಆಣೆ ಇಟ್ಟ. ಮನೆಗೆ ಬರುವಾಗ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಸಭೆಯ ದಿನ ಮಿಲ್ಲಿಗೆ ರಜೆ ಹಾಕಿ ಪಂಚಾಯಿತಿಯ ಬಾಗಿಲಲ್ಲಿ ನಿಂತೆ. ಚರಂಡಿಯ ವಿಷಯ ಬಂದದ್ದೇ ತಡ, ಇಬ್ಬರೂ ಒಟ್ಟಿಗೇ ಎದ್ದು, “ಆಗ್ಲೇಬೇಕು!” ಎಂದು ಮೇಜು ಗುದ್ದಿದರು. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಒಂದೇ ಮಾತು ಇಬ್ಬರ ಬಾಯಲ್ಲೂ ಬಂತಲ್ಲ ಎಂಬ ಅವಮಾನದಿಂದ ಇಬ್ಬರ ಮುಖವೂ ಕೆಂಪಾಯಿತು.

“ಇವ್ನೂ ಬೇಕು ಅಂತಾನೆ ಅಂದ್ರೆ ಇದ್ರಾಗೆ ಏನೋ ಮಸಲತ್ತು ಐತೆ. ನಂಗೆ ಬ್ಯಾಡ” ಎಂದ ಪಾಲಣ್ಣ.

“ನೀ ಬೇಕು ಅಂದಾಗ್ಲೇ ನಂಗೆ ಅನುಮಾನ ಬಂತು. ನಂಗೂ ಬ್ಯಾಡ” ಎಂದ ರುದ್ರಣ್ಣ.

“ಹಂಗಾದ್ರೆ ಬ್ಯಾಡ ಅನ್ನಾದ್ರಾಗಾದ್ರೂ ಇಬ್ರೂ ಒಂದಾದ್ರಿ ಬಿಡ್ರಿ” ಎಂದರು ಅಧ್ಯಕ್ಷರು. ಅದನ್ನೂ ಸಹಿಸಲಾಗದೆ ಇಬ್ಬರೂ ಸಭಾತ್ಯಾಗ ಮಾಡಿದರು. ಆದರೆ ಬಾಗಿಲು ಒಂದೇ. ಮುಂದೆ ಹೋದವನ ಹಿಂದೆ ಹೋದಂತಾಗುತ್ತದಲ್ಲ ಎಂದು ಇಬ್ಬರೂ ಹೊಸಿಲ ಬಳಿ ಭುಜಕ್ಕೆ ಭುಜ ತಾಗಿಸಿಕೊಂಡು ಸಿಕ್ಕಿಬಿದ್ದರು. ಕೊನೆಗೆ ಜವಾನ ಹಿತ್ತಿಲ ಬಾಗಿಲು ತೆಗೆದು ಒಬ್ಬನನ್ನು ಅತ್ತ ಸಾಗಿಸಿದ. ಇಂಥವರ ಕೈಗೆ ಊರು ಕೊಟ್ಟು ನಾವು ಮನೆಗೆ ಹೋಗಿ ನಿದ್ದೆ ಮಾಡುತ್ತೇವೆ!

ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಇವತ್ತು ಮಳೆ ಬಂದರೆ ಮಗ್ಗದ ಕಥೆ ಮುಗಿಯಿತು ಎಂದು ಜಗುಲಿಯ ಮೇಲೆ ಕೂತು ಪಾಲಣ್ಣ ರುದ್ರಣ್ಣರಿಬ್ಬರಿಗೂ ಶಾಪ ಹಾಕುತ್ತಿದ್ದೆ. ಅಷ್ಟರಲ್ಲಿ ಎದುರುಮನೆಯ ಓಬಳೇಶ ಪ್ಯಾಂಟು ಮಡಚಿಕೊಂಡು, ಗುದ್ದಲಿ ಹಿಡಿದು, ತಾನೇ ಚರಂಡಿಗೆ ಇಳಿದ. ಹೂಳು ಕೆದಕಿ ಸಡಿಲ ಮಾಡಿ ನನ್ನತ್ತ ನೋಡಿ, “ಏಮನ್ನಾ, ಎತ್ತಿಹಾಕಾಕೆ ನಿಮ್ಮನ್ಯಾಗೆ ಸನಿಕೆ ಐತಾ? ಇಬ್ರೂ ಕೈ ಹಾಕಿದ್ರೆ ಮಧ್ಯಾಹ್ನಕ್ಕೆಲ್ಲ ಆಗೋಗ್ತೈತೆ” ಎಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಕಳೆದ ಚುನಾವಣೆಯಲ್ಲಿ ನಾನು ಓಟು ಹಾಕಿದ ಪಕ್ಷ ಸೋತು ಓಬಳೇಶನ ಪಕ್ಷ ಗೆದ್ದಾಗ ಅವನು ನಮ್ಮ ಮನೆಯ ಮುಂದೆಯೇ ಬಾವುಟ ಹಿಡಿದು ಕುಣಿದಿದ್ದ, ಪಟಾಕಿ ಹೊಡೆದಿದ್ದ, ನನ್ನನ್ನು ನೋಡಿ ಹಲ್ಲುಕಿರಿದಿದ್ದ. ಅದನ್ನು ಮರೆಯಲಾದೀತೇ? ನಾನೂ ಮನುಷ್ಯನಲ್ಲವೇ?

“ಸನಿಕೆ ಇಲ್ಲ” ಎಂದೆ.

ಸನಿಕೆ ನನ್ನ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಒಳಗೆ ಲಾಳಿಯ ಸದ್ದು ನಿಂತಿತು. ಅವ್ವ ಹೊರಗೆ ಬಂದಳು, ನನ್ನನ್ನು ದಾಟಿಕೊಂಡು ಹೋಗಿ ಸನಿಕೆ ತೆಗೆದು ಓಬಳೇಶನ ಕೈಗೆ ಕೊಟ್ಟಳು. ವಾಪಸು ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ಥೂ, ಇವ್ನೂ ಥೇಟ್ ಆ ಮೆಂಬರ್‌ಗಳಂಗೇ ಕಣೇ ಶಾರದಾ” ಎಂದಳು.

“ಹೂಂ ಅತ್ತೆ, ನೀವು ಹೇಳಾದು ದಿಟ” ಎಂದಳು ಶಾರದೆ, ಗುಂಡಿಯೊಳಗಿನಿಂದ.

ನಮ್ಮ ಮನೆಯಲ್ಲಿ ಸರ್ವಾನುಮತದಿಂದ ಪಾಸಾದ ಮೊಟ್ಟಮೊದಲ ಠರಾವು ಅದು.